ಚಳಿಗಾಲಕ್ಕೆ ಜಗಲಿಯ ಮೇಲೆ ಸೊಪ್ಪು



ಮಾರ್ಗಶಿರ ಬಂತು. ಹಿತ್ತಲಲ್ಲಿ ಕೋಳಿ ಕೆದರುತ್ತೆ, ಮೇಕೆ ಮೇಯುತ್ತೆ, ಸೊಪ್ಪು ಎಲ್ಲಿ ಬೆಳೆಯೋದು ಅಂತ ಕೇಳುವವರು ಬಹಳ. ಜಗಲಿ ಇದೆಯಲ್ಲ! ಪೂರ್ವದ ಕಿಟಕಿಯೂ ಆದೀತು. ನಾಲ್ಕೈದು ಗಂಟೆ ಬಿಸಿಲು ಬೀಳಬೇಕು, ಅಷ್ಟೇ. ಒಂದು ವರ್ಷ ನಮ್ಮ ಮನೆಯಲ್ಲಿ, ಬೆಚ್ಚಗಿರಲಿ ಎಂದು ಮೆಂತ್ಯದ ಬುಟ್ಟಿಯನ್ನು ಒಲೆಯ ಪಕ್ಕ ಇಟ್ಟೆವು. ಸಸಿ ಬಿಳಿಚಿಕೊಂಡು, ನೂಲಿನಂತೆ ಉದ್ದವಾಗಿ ಮಲಗಿಬಿಟ್ಟಿತು. ಅದಕ್ಕೆ ಬೇಕಾಗಿದ್ದದ್ದು ಬೆಳಕು.

ಎಣ್ಣೆ ಡಬ್ಬಿ, ಒಡಕು ಮಡಕೆ, ಬಿದಿರು ಬುಟ್ಟಿ, ಯಾವುದಾದರೂ ಸರಿ. ಒಂದು ಗೇಣು ಆಳವಿರಲಿ, ತಳಕ್ಕೆ ತೂತಿರಲಿ. ಕೀಟನಾಶಕ ತುಂಬಿದ್ದ ಡಬ್ಬಿಯನ್ನು ಮಾತ್ರ, ಎಷ್ಟು ತೊಳೆದಿದ್ದರೂ, ಮುಟ್ಟಬೇಡಿ. ಈ ಸೊಪ್ಪು ತಿನ್ನುವವರು ನಿಮ್ಮ ಮಕ್ಕಳು. ಎರಡು ಪಾಲು ಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ. ಹಸಿ ಸಗಣಿ ಹಾಕಿದರೆ ಬೇರು ಸುಡುತ್ತೆ.

ಕೊತ್ತಂಬರಿ ಬೀಜವನ್ನು ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ ಬಿತ್ತಿ. ಚಳಿಗೆ ಮೊಳೆಯಲು ಹತ್ತು ಹನ್ನೆರಡು ದಿನ ಹಿಡಿದೀತು, ಸತ್ತಿತೆಂದು ಕೆದಕಬೇಡಿ. ಮೆಂತ್ಯ ಮೂರು ನಾಲ್ಕು ದಿನಕ್ಕೇ ಮೇಲೆ ಬರುತ್ತೆ, 25 ದಿನಕ್ಕೆ ಕೀಳಬಹುದು. ಕೊತ್ತಂಬರಿಗೆ 40 ದಿನ ಬೇಕು. ಬೇಸಿಗೆಯಲ್ಲಾದರೆ ಅದು ಬೇಗ ಹೂವಿಗೆ ಹೋಗುತ್ತೆ. ಚಳಿಯಲ್ಲಿ ಹಾಗಲ್ಲ, ಸೊಪ್ಪಾಗಿಯೇ ನಿಲ್ಲುತ್ತೆ.

ನೀರನ್ನು ಬಿಸಿಲು ಬಂದ ಮೇಲೆ ಹಾಕಿ. ಸಂಜೆ ಹಾಕಿದರೆ ರಾತ್ರಿಯೆಲ್ಲ ತೇವ ನಿಂತು ಬುಡ ಕೊಳೆಯುತ್ತೆ. ಹೇನು ಕಂಡರೆ 50 ಗ್ರಾಂ ಬೇವಿನ ಬೀಜ ಕುಟ್ಟಿ, 1 ಲೀಟರ್ ನೀರಲ್ಲಿ ರಾತ್ರಿ ನೆನೆಸಿ, ಸೋಸಿ ಚಿಮುಕಿಸಿ. ಆಮೇಲೆ ಐದಾರು ದಿನ ಕೊಯ್ಯಬೇಡಿ, ಕಹಿ ಉಳಿದಿರುತ್ತೆ.

ಹದಿನೈದು ದಿನಕ್ಕೊಮ್ಮೆ ಇನ್ನೊಂದು ಡಬ್ಬಿಗೆ ಬಿತ್ತುತ್ತಾ ಹೋಗಿ; ಸಂಕ್ರಾಂತಿ ದಾಟಿದರೂ ಸಾರಿಗೆ ಸೊಪ್ಪು ತಪ್ಪದು.