ಹಳೆಯ ಕೈಯಾಟಕ್ಕೆ ಯಾವ ಯಂತ್ರ?

(ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)



ಹೋದ ಭಾನುವಾರ ಇದೇ ಮೇಜಿನ ಮುಂದೆ ನಿಂತು ಭವಿಷ್ಯನಿಧಿಯ ಅರ್ಜಿ ತುಂಬುವ ಕ್ರಮವನ್ನು ಹೇಳಿದ್ದೆ. ಈ ವಾರ ಆಟದ ಸಾಮಾನಿನ ಮಾತೆತ್ತಿದರೆ ಹಿರಿಯರು ನಗಬಹುದು. ನಗಲಿ. ಪಗಾರದಲ್ಲಿ ಮಿಗಿಸಿದ ದುಡ್ಡು ಅರ್ಜಿ ತಪ್ಪಿದರೆ ಮಾತ್ರವೇ ಕೈಬಿಟ್ಟು ಹೋಗುವುದಲ್ಲ, ಸ್ಟೇಷನ್ನಿನ ಹೊರಗಣ ಅಂಗಡಿಯಲ್ಲಿಯೂ ಹೋಗುತ್ತದೆ. ನನಗೇ ಹೋಗಿದೆ.

ಸಂಗತಿ ಹುಟ್ಟಿದ್ದು ಹೀಗೆ. ನಮ್ಮ ಗಿರಣಿಯ ನೂಲುವ ಖಾತೆಯ ಗೆಳೆಯರೊಬ್ಬರು ಒಂದು ದಿನ ಊಟದ ಬಿಡುವಿನಲ್ಲಿ ಕರವಸ್ತ್ರದ ಗಂಟೊಂದನ್ನು ತಂದು ನನ್ನ ಮುಂದೆ ಬಿಚ್ಚಿದರು. ಒಳಗೆ ಗೇಮ್ ಬಾಯ್ ಕಲರ್ ಎಂಬ ಕೈಯಾಟದ ಯಂತ್ರ, ಜೊತೆಗೆ ‘ಪೊಕೆಮಾನ್ ರೆಡ್’ ಎಂಬ ಆಟದ ಕೆಂಪು ಕಾರ್ಟ್ರಿಜ್ಜು. ಕುವೈತಿನಲ್ಲಿದ್ದ ಅವರ ಅಣ್ಣ ರಜೆಗೆ ಬಂದಾಗ ತಂದದ್ದು. ಅದರ ಪರದೆಗೆ ತನ್ನದೆಂಬ ಬೆಳಕಿಲ್ಲ. ಚಾವಡಿಯ ದೀಪದ ಕೆಳಗೆ ಕೂತು ಇಬ್ಬರೂ ಸರದಿಯ ಮೇಲೆ ಆಡುತ್ತಿದ್ದರಂತೆ. ಆಟದೊಳಗಿನ ಹುಡುಗನಿಗೆ ಅಣ್ಣ ತನ್ನ ಹೆಸರನ್ನೇ ಇಟ್ಟಿದ್ದನಂತೆ. ಆ ಅಣ್ಣ ಈಗಿಲ್ಲ. ಯಂತ್ರವೂ ಹೊತ್ತಿಕೊಳ್ಳುವುದಿಲ್ಲ. “ಇದನ್ನು ಆಡಲಿಕ್ಕೆ ಈಗ ಯಾವುದು ಕೊಳ್ಳಬೇಕು ಮಾರಾಯ್ರೆ?” ಎಂದು ಕೇಳಿದರು.

ಮೊದಲು ಯಂತ್ರವನ್ನು ಬಿಚ್ಚಿದೆವು. ಒಳಗೆ ಬಿಟ್ಟಿದ್ದ ಸೆಲ್ಲು ಸೋರಿ ತಗಡಿಗೆಲ್ಲ ಹಸಿರು ಕಿಲುಬು ಹಿಡಿದಿತ್ತು. ವಿನೆಗರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದೆವು. ಎಷ್ಟೋ ಯಂತ್ರಗಳು ಇಷ್ಟಕ್ಕೇ ಎದ್ದುಕೊಳ್ಳುವುದುಂಟು. ಇದು ಏಳಲಿಲ್ಲ. ಆಗ ನಾನು ಬಲ್ಲವನಂತೆ ಅಂಗಡಿಗೆ ಹೋದೆ. ಅಲ್ಲಿಯವನು ನಿಂಟೆಂಡೊ ಡಿಎಸ್ ಲೈಟ್ ಎಂಬ ಹಳೆಯ ಮಾಲನ್ನು ತೋರಿಸಿ, “ಹಳೆಯ ಕಾರ್ಟ್ರಿಜ್ಜುಗಳೆಲ್ಲ ಇದರಲ್ಲಿ ನಡೆಯುತ್ತವೆ” ಎಂದ. ನಂಬಿ ಕೊಂಡೆ. ಕೋಣೆಗೆ ಬಂದು ನೋಡಿದರೆ ಕಾರ್ಟ್ರಿಜ್ಜು ಕಿಂಡಿಯಲ್ಲಿ ಕೂಡುವುದೇ ಇಲ್ಲ. ಹಿಂದಕ್ಕೆ ಒಯ್ದಾಗ ಅಂಗಡಿಯವನಿಗೆ ನನ್ನ ಗುರುತೇ ಸಿಗಲಿಲ್ಲ!

ಆಮೇಲೆ ಓದಿ ತಿಳಿದೆ. ಓದಿ ಆಮೇಲೆ ಕೊಳ್ಳಬೇಕಾಗಿತ್ತು, ಇರಲಿ. ಇದರ ವಂಶಾವಳಿಯನ್ನು ಹೇಳಿಬಿಡುತ್ತೇನೆ. ಜಪಾನಿನ ನಿಂಟೆಂಡೊ ಕಂಪನಿ ಗೇಮ್ ಬಾಯ್ ಅನ್ನು ಹೊರತಂದದ್ದು ೧೯೮೯ರಲ್ಲಿ. ಅದರ ಹಿಂದಿದ್ದ ಗುನ್‌ಪೆ ಯೊಕೊಯ್ ಎಂಬ ಎಂಜಿನಿಯರು ಹಳತಾಗಿ ಅಗ್ಗವಾದ ಭಾಗಗಳಿಂದಲೇ ಹೊಸದನ್ನು ಕಟ್ಟಬೇಕೆಂಬ ಮತದವರು. ಆದಕಾರಣ ಅದಕ್ಕೆ ಬಣ್ಣವಿಲ್ಲ, ದೀಪವಿಲ್ಲ. ಮರುವರ್ಷ ಬಂದ ಸೆಗಾ ಕಂಪನಿಯ ಗೇಮ್ ಗೇರ್‌ನಲ್ಲಿ ಬಣ್ಣವೂ ಬೆಳಕೂ ಇದ್ದವು, ಆದರೆ ಆರು ಸೆಲ್ಲುಗಳನ್ನು ಕೆಲವೇ ಗಂಟೆಗಳಲ್ಲಿ ನುಂಗಿಬಿಡುತ್ತಿತ್ತು. ಗೆದ್ದದ್ದು ಬಡವನೇ. ಬಣ್ಣದ ಗೇಮ್ ಬಾಯ್ ಬಂದದ್ದು ೧೯೯೮ರಲ್ಲಿ. ಗೇಮ್ ಬಾಯ್ ಅಡ್ವಾನ್ಸ್ ೨೦೦೧ರಲ್ಲಿ. ಅದನ್ನೇ ಮಡಚುವಂತೆ ಮಾಡಿ, ದೀಪ ಕೂಡಿಸಿ, ಚಾರ್ಜು ಮಾಡುವ ಬ್ಯಾಟರಿ ಇಟ್ಟ ‘ಎಸ್‌ಪಿ’ ೨೦೦೩ರಲ್ಲಿ.

ಕೊಳ್ಳುವವರು ಗಮನಿಸಬೇಕಾದದ್ದು ಇಲ್ಲಿದೆ. ಅಡ್ವಾನ್ಸ್ ಮತ್ತು ಎಸ್‌ಪಿ ಯಂತ್ರಗಳು ಮೂರು ತಲೆಮಾರಿನ ಕಾರ್ಟ್ರಿಜ್ಜುಗಳನ್ನೂ ಓದುತ್ತವೆ. ೨೦೦೪ರ ಡಿಎಸ್, ೨೦೦೬ರ ಡಿಎಸ್ ಲೈಟ್ ಎರಡೂ ಅಡ್ವಾನ್ಸ್ ಕಾರ್ಟ್ರಿಜ್ಜನ್ನು ಮಾತ್ರ ಓದುತ್ತವೆ. ಅದಕ್ಕಿಂತ ಹಳೆಯದನ್ನು ಇಲ್ಲ. ೨೦೦೫ರ ‘ಮೈಕ್ರೊ’ ಕೂಡ ಹಾಗೆಯೇ. ಡಿಎಸ್‌ಐ ಬರುವಾಗ ಆ ಕಿಂಡಿಯನ್ನೇ ತೆಗೆದುಹಾಕಿದರು. ನನ್ನ ದುಡ್ಡು ಮುಳುಗಿದ್ದು ಈ ಒಂದು ಸಾಲು ಗೊತ್ತಿಲ್ಲದ್ದಕ್ಕೆ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯವಾದದ್ದು. ಗೆಳೆಯರ ಅಣ್ಣ ಆಡಿ ಉಳಿಸಿದ ಲೆಕ್ಕ ಇರುವುದು ಯಂತ್ರದಲ್ಲಲ್ಲ, ಕಾರ್ಟ್ರಿಜ್ಜಿನಲ್ಲಿ. ಅದರೊಳಗೆ ಕೈಗಡಿಯಾರದಲ್ಲಿರುವಂಥ ಒಂದು ಬಿಲ್ಲೆ ಸೆಲ್ಲನ್ನು ಬೆಸುಗೆ ಹಾಕಿ ಕೂರಿಸಿರುತ್ತಾರೆ. ಆ ಸೆಲ್ಲು ಹನಿಹನಿಯಾಗಿ ವಿದ್ಯುತ್ತು ಕೊಡುತ್ತಿರುವ ತನಕ ನೆನಪು ಇರುತ್ತದೆ. ಸೆಲ್ಲು ಸತ್ತ ದಿನ ಆಟ ಮಾತ್ರ ಉಳಿದು, ಆಡಿದ್ದು ಅಳಿಸಿಹೋಗುತ್ತದೆ. ಸೆಲ್ಲು ಬದಲಿಸುತ್ತೇನೆಂದು ಹಳೆಯದನ್ನು ಕಿತ್ತರೂ ಅಷ್ಟೆ. ಇಪ್ಪತ್ತು ವರ್ಷ ದಾಟಿದ ಸೆಲ್ಲನ್ನು ನಂಬಿ ಕೂರುವ ಹಾಗಿಲ್ಲ.

ಹೀಗಾಗಿ ‘ಯಾವ ಯಂತ್ರ ಒಳ್ಳೆಯದು’ ಎಂಬ ಪ್ರಶ್ನೆಗೆ ಮುಂಚೆ ‘ನಿನ್ನ ಬಳಿ ಏನಿದೆ’ ಎಂದು ಕೇಳಿಕೊಳ್ಳತಕ್ಕದ್ದು. ಕಾರ್ಟ್ರಿಜ್ಜು ಏನೂ ಇಲ್ಲ, ಚಿಕ್ಕಂದಿನ ಆಟದ ರುಚಿ ಮಾತ್ರ ಬೇಕು ಎನ್ನುವವರಿಗೆ ಕೈಯಲ್ಲಿರುವ ಮೊಬೈಲೇ ಸಾಕು. ಹಳೆಯ ಯಂತ್ರದ ವೇಷ ಹಾಕುವ ಎಮ್ಯುಲೇಟರ್ ಎಂಬ ತಂತ್ರಾಂಶ ಆಂಡ್ರಾಯ್ಡಿನಲ್ಲಿ ಬಹುಕಾಲದಿಂದ ಇದೆ. ಆ್ಯಪಲ್ ಫೋನಿಗೆ ‘ಡೆಲ್ಟಾ’ ಎಂಬುದು ೨೦೨೪ರ ಏಪ್ರಿಲ್ಲಿನಲ್ಲಿ ಬಂತು. ಕುಂದು ಒಂದೇ. ಗಾಜಿನ ಮೇಲೆ ಗುಂಡಿಯಿಲ್ಲ, ಬೆರಳಿಗೆ ತಡವಿದ್ದು ತಿಳಿಯುವುದಿಲ್ಲ.

ಗುಂಡಿಯೇ ಬೇಕೆಂದರೆ ಆನ್‌ಬರ್ನಿಕ್, ಮಿಯೂ ಮುಂತಾದ ಚೀನೀ ಕಂಪನಿಗಳ ಚಿಕ್ಕ ಯಂತ್ರಗಳಿವೆ. ಇಲ್ಲಿ ಗುಮಾಸ್ತನ ಲೆಕ್ಕ ಕೆಲಸಕ್ಕೆ ಬರುತ್ತದೆ. ಗೇಮ್ ಬಾಯ್ ಚಿತ್ರದ ಅಗಲ ೧೬೦ ಚುಕ್ಕೆ, ಎತ್ತರ ೧೪೪. ಈ ಯಂತ್ರಗಳಲ್ಲಿ ಅನೇಕಕ್ಕೆ ೬೪೦ಕ್ಕೆ ೪೮೦ ಚುಕ್ಕೆಯ ಪರದೆ. ೧೪೪ನ್ನು ಮೂರರಿಂದ ಗುಣಿಸಿದರೆ ೪೩೨. ಮೇಲೆ ಕೆಳಗೆ ಸೇರಿ ೪೮ ಗೆರೆ ಖಾಲಿ ಉಳಿಯುತ್ತದೆ, ಚಿತ್ರ ಚೊಕ್ಕಟವಾಗಿರುತ್ತದೆ. ಖಾಲಿ ಬಿಡಬಾರದೆಂದು ಪರದೆಯ ತುಂಬ ಎಳೆದರೆ ಒಂದು ಚುಕ್ಕೆಗೆ ಮೂರು ಗೆರೆ, ಪಕ್ಕದ್ದಕ್ಕೆ ನಾಲ್ಕು ಗೆರೆ ಬಂದು, ಚಿತ್ರ ಸರಿಯುವಾಗ ನೀರಿನ ಮೇಲಿಟ್ಟಂತೆ ಅಲುಗುತ್ತದೆ. ಅಡ್ವಾನ್ಸ್ ಚಿತ್ರ ೨೪೦ಕ್ಕೆ ೧೬೦; ಅದು ೬೪೦ರೊಳಗೆ ಸಮವಾಗಿ ಎರಡು ಪಟ್ಟು ಮಾತ್ರ ಹಿಗ್ಗುತ್ತದೆ. ಆದರೆ ೭೨೦ಕ್ಕೆ ೪೮೦ ಇರುವ ಪರದೆಯಲ್ಲಿ ಮೂರು ಪಟ್ಟು ಕರಾರುವಾಕ್ಕಾಗಿ ಕೂರುತ್ತದೆ. ಅಂಗಡಿಯವನು ಇಂಚು ಹೇಳುತ್ತಾನೆ. ನೀವು ಚುಕ್ಕೆ ಕೇಳಿ.

ಇಂಥ ಯಂತ್ರಗಳನ್ನು ‘ಐದು ಸಾವಿರ ಆಟ, ಹತ್ತು ಸಾವಿರ ಆಟ’ ಎಂದು ಕಾರ್ಡು ತುಂಬಿಸಿ ಮಾರುತ್ತಾರೆ. ನಮ್ಮ ಬಾಲ್ಯದ ಜಾತ್ರೆಯ ಇಟ್ಟಿಗೆಯಾಟದ ಮೇಲೂ ೯೯೯೯ ಎಂದು ಬರೆದಿರುತ್ತಿತ್ತು, ನೆನಪಿದೆಯೆ? ಅದೇ ನಾಲ್ಕು ಇಟ್ಟಿಗೆಗಳ ವೇಷಾಂತರ. ಈ ಕಾರ್ಡುಗಳಿಗೆ ಆಟ ಮಾಡಿದವರ ಅನುಮತಿ ಸಾಮಾನ್ಯವಾಗಿ ಇರುವುದಿಲ್ಲ, ಕಾರ್ಡೂ ಕಳಪೆಯದು. ಮಾಲಿಕರಿಗೇ ದುಡ್ಡು ಕೊಟ್ಟು ಆಡುವವರಿಗೆ ನಿಂಟೆಂಡೊ ೨೦೨೩ರ ಫೆಬ್ರವರಿಯಿಂದ ತನ್ನ ಸ್ವಿಚ್ ಯಂತ್ರದಲ್ಲಿ ಚಂದಾ ಲೆಕ್ಕದಲ್ಲಿ ಕೆಲವು ಹಳೆಯ ಆಟಗಳನ್ನು ಕೊಡುತ್ತಿದೆ. ಚಂದಾ ನಿಂತರೆ ಆಟವೂ ನಿಂತಿತು.

ಕಾರ್ಟ್ರಿಜ್ಜು ಇದ್ದವರಿಗೆ ಅನಲಾಗ್ ಪಾಕೆಟ್ ಎಂಬುದೊಂದಿದೆ. ೨೦೨೧ರ ಕೊನೆಗೆ ಬಂತು. ಅದರ ಪರದೆ ೧೬೦೦ಕ್ಕೆ ೧೪೪೦, ಅಂದರೆ ಗೇಮ್ ಬಾಯ್ ಚಿತ್ರದ ಸರಿಯಾಗಿ ಹತ್ತು ಪಟ್ಟು. ಮೂರು ತಲೆಮಾರಿನ ಕಾರ್ಟ್ರಿಜ್ಜೂ ಹಿಡಿಯುತ್ತದೆ. ಆರಂಭದ ಬೆಲೆಯೇ ೨೦೦ ಡಾಲರಿನ ಸುಮಾರು. ನೋಡಿ ಸಂತೋಷಪಟ್ಟು ಮುಂದೆ ಹೋದೆವು.

ಕೊನೆಗೆ ನಾವು ಕೊಂಡದ್ದು ಕೈಬದಲಾದ ಒಂದು ಎಸ್‌ಪಿ. ಅದರಲ್ಲೂ ಎರಡು ಜಾತಿ. ಬೆನ್ನ ಮೇಲಿನ ಚೀಟಿಯಲ್ಲಿ ಎಜಿಎಸ್-೦೦೧ ಎಂದಿದ್ದರೆ ಮಂಕು ಬೆಳಕು, ಎಜಿಎಸ್-೧೦೧ ಎಂದಿದ್ದರೆ ಒಳ್ಳೆಯ ಬೆಳಕು. ನಮಗೆ ಒದಗಿದ್ದು ಮಂಕಿನದು. ಈ ಸಲ ಕಾರ್ಟ್ರಿಜ್ಜನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿ, ಅಂಗಡಿಯಲ್ಲೇ ಸಿಕ್ಕಿಸಿ ನೋಡಿ, ಆಮೇಲೆ ದುಡ್ಡು ಎಣಿಸಿದೆವು. ಅರ್ಧ ಹೊರಗೆ ಚಾಚಿಕೊಂಡರೂ ಅದು ಕೂತಿತು. ಪರದೆ ಬೆಳಗಿತು. ‘ಮುಂದುವರಿಸು’ ಎಂಬ ಸಾಲನ್ನು ಒತ್ತಿದಾಗ ಅಣ್ಣನ ಹೆಸರು, ಅದರ ಕೆಳಗೆ ಅವರು ಆಡಿದ ಗಂಟೆಗಳ ಲೆಕ್ಕ. ಗೆಳೆಯರು ಸ್ವಲ್ಪ ಹೊತ್ತು ನೋಡಿ, ಒಂದೂ ಹೆಜ್ಜೆ ಆಡದೆ, ಯಂತ್ರವನ್ನು ಆರಿಸಿಬಿಟ್ಟರು.

ಅದೇ ವಾರ, ಗಿರಣಿಯ ಕಂಪ್ಯೂಟರು ದುರಸ್ತಿಗೆ ಬರುವ ಹುಡುಗನಿಂದ ಜಿಬಿ ಆಪರೇಟರ್ ಎಂಬ ಓದುಗ ಸಾಧನವನ್ನು ಎರವಲು ತಂದೆ. ಕಾರ್ಟ್ರಿಜ್ಜನ್ನು ಅದರಲ್ಲಿಟ್ಟು ಕಂಪ್ಯೂಟರಿಗೆ ಸೇರಿಸಿದರೆ ಉಳಿಸಿದ ಲೆಕ್ಕದ ನಕಲು ಬರುತ್ತದೆ. ಎರಡು ಕಡೆ ನಕಲು ಇಟ್ಟ ಮೇಲೆ ಆ ಹುಡುಗನೇ ಹಳೆಯ ಸೆಲ್ಲು ತೆಗೆದು ಹೊಸದನ್ನು ಬೆಸೆದ. ಲೆಕ್ಕವನ್ನು ಮತ್ತೆ ಒಳಗೆ ತುಂಬಿದೆವು. ಹೆಸರು ಹಾಗೇ ಇದೆ.

ಆ ಸಾಧನ ಇನ್ನೂ ಎರಡು ಭಾನುವಾರ ನನ್ನ ಬಳಿ ಇರುತ್ತದೆ. ಇಂಥ ಕಾರ್ಟ್ರಿಜ್ಜು ಯಾರ ಪೆಟ್ಟಿಗೆಯಲ್ಲಾದರೂ ಇದ್ದರೆ ಬಿಚ್ಚದೆ, ಸೆಲ್ಲು ಮುಟ್ಟದೆ ತನ್ನಿ. ಹತ್ತರಿಂದ ಹನ್ನೆರಡರ ತನಕ ಪತ್ರಿಕೆಗಳ ಮೇಜಿನ ಹತ್ತಿರ ಕೂತಿರುತ್ತೇನೆ.