ಮುದಿ ನಾಯಿಯ ದಿನಗಳು

ನಾಯಿಯ ಮುಪ್ಪನ್ನು ಕುರಿತು ಮಾತನಾಡುವುದು ಕನ್ನಡ ಪಂಡಿತನಿಗೆ ಹೇಳಿದ ಕೆಲಸವೇ ಎಂದು ನೀವು ಕೇಳಬಹುದು. ಆದರೆ ಧರ್ಮರಾಯನ ಬೆನ್ನುಹತ್ತಿ ಮಹಾಪ್ರಸ್ಥಾನಕ್ಕೆ ಹೊರಟ ನಾಯಿಯನ್ನು ನಾವು ತರಗತಿಯಲ್ಲಿ ಎಷ್ಟು ಸಲ ಕೊಂಡಾಡಿಲ್ಲ! (ಕುಮಾರವ್ಯಾಸನು ಗದಾಪರ್ವಕ್ಕೇ ನಿಲ್ಲಿಸಿದುದರಿಂದ ಅದನ್ನು ಅವನ ಬಾಯಲ್ಲಿ ಕೇಳುವ ಭಾಗ್ಯ ನಮಗಿಲ್ಲ, ಅದು ಬೇರೆ ಮಾತು.) ಆ ನಾಯಿಗೆ ಕೀಲುನೋವಿತ್ತೇ, ಕಣ್ಣು ಕಾಣುತ್ತಿತ್ತೇ ಎಂದು ಮಾತ್ರ ನಾನೆಂದೂ ಯೋಚಿಸಿದವನಲ್ಲ. ಆ ವಿಚಾರ ಹೊಳೆದದ್ದು ನಮ್ಮ ಮನೆಯ ಕರಿಯನಿಗೆ ಹದಿನಾಲ್ಕು ತುಂಬಿದ ಮೇಲೆಯೇ.

ಮುಪ್ಪೆಂಬುದೇ ಒಂದು ರೋಗವಲ್ಲ. ಮೂತಿ ನರೆಯುತ್ತದೆ, ಕಿವಿ ಮಂದವಾಗುತ್ತದೆ, ಕಣ್ಣಿನಲ್ಲಿ ನೀಲಿ ಬೆರೆತ ಮಬ್ಬು ಕಾಣುತ್ತದೆ. ಈ ಮಬ್ಬೆಲ್ಲ ಪೊರೆಯಲ್ಲ. ಮಸೂರವು ವಯಸ್ಸಿನಿಂದ ಗಟ್ಟಿಯಾದುದರ ಗುರುತೂ ಆಗಿರಬಹುದು, ಅದರಿಂದ ದೃಷ್ಟಿಗೆ ಅಷ್ಟೇನೂ ಬಾಧೆಯಿಲ್ಲ. ಗಾಬರಿಪಡಬೇಕಾದದ್ದು ಬೇರೆ. ನಾಯಿ ನೋವನ್ನು ಬಚ್ಚಿಡುವ ಪ್ರಾಣಿ. ಹೊಸ್ತಿಲ ಮುಂದೆ ನಿಂತು ಯೋಚಿಸುವುದು, ಏಳುವಾಗ ಹಿಂಗಾಲು ಜಾರುವುದು, ಒಂದೇ ಕೀಲನ್ನು ನೆಕ್ಕುತ್ತಿರುವುದು, ತಂಪು ರಾತ್ರಿಯಲ್ಲೂ ಏದುಸಿರು ಬಿಡುತ್ತ ಮಲಗುವ ಜಾಗ ಬದಲಿಸುವುದು, ಇವೇ ಅದರ ಮಾತು. ನಾನು ಇದಕ್ಕೆಲ್ಲ 'ವಯಸ್ಸಾಯಿತು' ಎಂದು ಅರ್ಥ ಹೇಳಿಕೊಂಡು ಎರಡು ತಿಂಗಳು ಕಳೆದೆ. ಪಶುವೈದ್ಯರು ಕೀಲುವಾತಕ್ಕೆ ಔಷಧ ಕೊಟ್ಟ ಮೇಲೆ ಕರಿಯ ಮತ್ತೆ ಮೆಟ್ಟಿಲು ಹತ್ತಿದ. ಆ ಎರಡು ತಿಂಗಳು ಇನ್ನೂ ನನ್ನನ್ನು ಚುಚ್ಚುತ್ತವೆ. ಮನುಷ್ಯರ ನೋವಿನ ಗುಳಿಗೆಯನ್ನು ಮಾತ್ರ ನೀವಾಗಿ ಕೊಡಬೇಡಿರಿ. ಐಬುಪ್ರೊಫೇನ್ ನಾಯಿಯ ಹೊಟ್ಟೆಯನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತದೆ.

ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಲೋಬೊಸ್ 2004ರಲ್ಲಿ ಒಂದು ಅಳತೆಗೋಲನ್ನು ಪ್ರಕಟಿಸಿದರು. ನೋವು, ಹಸಿವು, ನೀರಿನಂಶ, ಶುಚಿ, ಸಂತೋಷ, ನಡೆದಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚೇ ಎಂಬುದು, ಈ ಏಳಕ್ಕೂ ತಲಾ 10 ಅಂಕ. ಒಟ್ಟು 35ಕ್ಕೆ ಮೇಲಿದ್ದರೆ ಆರೈಕೆ ಮುಂದುವರಿಸಬಹುದು. ಮೂವತ್ತೈದು ನಮ್ಮಂಥ ಮೇಷ್ಟರುಗಳಿಗೆ ಹಳೆಯ ಪರಿಚಯದ ಸಂಖ್ಯೆ! ಆದರೆ ಮೌಲ್ಯಮಾಪನ ಮಾಡಿ ಮಾಡಿ ಕೈ ನೊಂದವನಾಗಿ ಒಂದು ಮಾತು ಹೇಳುತ್ತೇನೆ: ಒಟ್ಟು ಮೊತ್ತವು ಒಂದು ವಿಷಯದ ಸೊನ್ನೆಯನ್ನು ಮುಚ್ಚಿಬಿಡುತ್ತದೆ. ಉಸಿರಾಟವನ್ನು ಆಕೆ ನೋವಿನ ಅಂಕಣದಲ್ಲಿಯೇ ಸೇರಿಸಿದ್ದಾರೆ. ಉಸಿರಿಗೇ ಕಷ್ಟಪಡುವ ನಾಯಿಯನ್ನು ಉಳಿದ ಆರು ವಿಷಯಗಳ ಬಲದಿಂದ ತೇರ್ಗಡೆ ಮಾಡುವುದು ನ್ಯಾಯವಲ್ಲ.

ನಾವು ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲಿಯೇ ಗುರುತು ಹಾಕತೊಡಗಿದೆವು. ಒಳ್ಳೆಯ ದಿನಕ್ಕೆ ಚುಕ್ಕೆ, ಕೆಟ್ಟದಕ್ಕೆ ಗೀಟು. ಎರಡನೆಯ ವಾರದಲ್ಲಿಯೇ ಮನೆಯಲ್ಲಿ ಜಗಳ. ನನ್ನವು ಚುಕ್ಕೆ, ಮನೆಯಾಕೆಯವು ಗೀಟು. ವಿಚಾರಿಸಿದರೆ ಸತ್ಯ ಆಕೆಯ ಕಡೆಯೇ ಇತ್ತು. ಸಂಜೆ ನಾಲ್ಕೂವರೆಗೆ ಗೇಟಿನ ಸದ್ದಾದೊಡನೆ ಎದ್ದು ಬರುವ ಕರಿಯ ನನ್ನ ನಾಯಿ. ಬೆಳಗಿನಿಂದ ಅಲ್ಲಿಯವರೆಗೆ ಅನ್ನ ಮೂಸಿ ಬಿಟ್ಟು, ಒದ್ದೆಯಾದ ಗೋಣಿಯ ಮೇಲೆ ಏಳಲಾರದೆ ಮಲಗಿದ್ದವನು ಆಕೆಯ ನಾಯಿ. ಆದುದರಿಂದ ನಿಮ್ಮ ಮನೆಯಲ್ಲಿಯೂ ಗುರುತು ಹಾಕುವ ಕೈ ದಿನವೆಲ್ಲ ನೋಡುವವರದಾಗಿರಲಿ.

ಈಗ ಮೂತ್ರಪಿಂಡಗಳು ಸೋತಿವೆ. ಹೋದ ತಿಂಗಳು ಚುಕ್ಕೆ ಒಂಬತ್ತು, ಉಳಿದವು ಗೀಟು. ನಾಲ್ಕೂವರೆಗೆ ಬಾಲ ಅಲ್ಲಾಡುತ್ತದೆ, ನಾಯಿ ಏಳುವುದಿಲ್ಲ. ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲೊಲ್ಲೆನೆಂದ ಧರ್ಮರಾಯನ ಪಾಠ ನನಗೆ ಇಲ್ಲಿ ಒದಗಲಿಲ್ಲ. ನಾನು ನಾಯಿಯನ್ನು ಮುಂದೆ ಕಳಿಸಿ ಹಿಂದೆ ಉಳಿಯಬೇಕಾಗಿದೆ. ಮೊದಲು ಮಂಪರಿನ ಚುಚ್ಚುಮದ್ದು, ಅನಂತರ ಅರಿವಳಿಕೆಯ ಹೆಚ್ಚಿನ ಪ್ರಮಾಣ. ನಿದ್ರೆಯಲ್ಲಿಯೇ ಆಗುತ್ತದೆ ಎಂದು ವೈದ್ಯರು ವಿವರಿಸಿದರು. ಗುರುವಾರ ಅವರು ಮನೆಗೇ ಬರುವವರಿದ್ದಾರೆ. ಅಂದು ಶಾಲೆಗೆ ರಜೆ ಹಾಕಿದ್ದೇನೆ, ಬೆಳಗಿನಿಂದಲೇ.