ಏರಿದವರು ಇಳಿದು ಬರಬೇಕು



ಮೊನ್ನೆ ಹಿರಿಯರೊಬ್ಬರು ಮಠಕ್ಕೆ ಬಂದಿದ್ದರು. ಹೊಲದ ಪಾಲಿಗಾಗಿ ಇಬ್ಬರು ಮಕ್ಕಳಲ್ಲಿ ಜಗಳ, ಮಾತಿಲ್ಲ ಕತೆಯಿಲ್ಲ. ಬೇಸತ್ತ ಆ ಹಿರಿಯರು, “ಬುದ್ಧೀ, ಈ ಸಂಸಾರ ಸಾಕು. ಹಿಮಾಲಯಕ್ಕೆ ಹೋಗಿ ಅಲ್ಲಿಯೇ ಇದ್ದುಬಿಡುತ್ತೇನೆ, ಅಪ್ಪಣೆಯಾಗಲಿ” ಎಂದರು. ಆಗ ನಾವು ಉತ್ತರ ಕೊಡಲಿಲ್ಲ. ಅವರಿಗೆ ಹೇಳಬೇಕಾದ ಮಾತು ನಮ್ಮೆಲ್ಲರಿಗೂ ಬೇಕಾದದ್ದು. ಆದುದರಿಂದ ಇಂದು ಇಲ್ಲಿ ಹೇಳುತ್ತೇವೆ.

ಹಿಮಾಲಯದಲ್ಲಿ, ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿ, ಹೇಮಕುಂಡ ಸಾಹೇಬ್ ಎಂಬ ಸಿಖ್ಖರ ಪುಣ್ಯಕ್ಷೇತ್ರವಿದೆ. ಅದು 4,000 ಮೀಟರಿಗೂ ಮೀರಿದ ಎತ್ತರದಲ್ಲಿದೆ. ಸುತ್ತ ಏಳು ಶಿಖರಗಳು, ನಡುವೆ ಸರೋವರ, ದಂಡೆಯ ಮೇಲೆ ಗುರುದ್ವಾರ, ಹತ್ತಿರದಲ್ಲಿಯೇ ಲಕ್ಷ್ಮಣನ ಗುಡಿ. ವರ್ಷದ ಬಹುಕಾಲ ಎಲ್ಲವೂ ಹಿಮದಡಿ. ಬೇಸಗೆಯಲ್ಲಿ ಬಾಗಿಲು ತೆರೆದರೆ ಅಕ್ಟೋಬರಿನ ಹೊತ್ತಿಗೆ ಮುಚ್ಚುತ್ತದೆ.

ಸಿಖ್ಖರ ಹತ್ತನೆಯ ಗುರು ಗೋವಿಂದಸಿಂಹರು ಹಿಂದಿನ ಜನ್ಮದಲ್ಲಿ ತಪಸ್ಸು ಮಾಡಿದ ತಾಣ ಇದೆಂದು ಅವರ ನಂಬಿಕೆ. ‘ಬಚಿತ್ರ ನಾಟಕ’ದಲ್ಲಿ ಆ ಕಥೆ ಬರುತ್ತದೆ. ಪಾಂಡುರಾಜ ಯೋಗಸಾಧನೆ ಮಾಡಿದ ಸಪ್ತಶೃಂಗದ ಹೇಮಕುಂಟ ಪರ್ವತದಲ್ಲಿ ಆ ತಪಸ್ವಿ ಘೋರ ತಪಸ್ಸು ಮಾಡಿದ. ತಾನು ಬೇರೆ, ದೇವರು ಬೇರೆ ಎಂಬ ಎರಡು ಅಳಿದು ಒಂದೇ ಆಯಿತು. ಆಗ ಭಗವಂತ, “ಭೂಲೋಕಕ್ಕೆ ಹೋಗು, ಧರ್ಮವನ್ನು ನಿಲ್ಲಿಸು” ಎಂದು ಅಪ್ಪಣೆ ಮಾಡಿದ. ತಪಸ್ವಿಗೆ ಬರಲು ಮನಸ್ಸಿಲ್ಲ. ದೇವರ ಪಾದದ ಸುಖ ಬಿಟ್ಟು ಬರುವವರು ಯಾರು? ಆದರೂ ದೇವರು ತಿಳಿಯಹೇಳಿ ಕಳುಹಿಸಿದ.

ಇಳಿದು ಬಂದವರಿಗೆ ಸುಖವಿತ್ತೇ? 1675ರಲ್ಲಿ ತಂದೆ ತೇಗಬಹಾದ್ದೂರರ ಶಿರಚ್ಛೇದವಾಯಿತು. ನಾಲ್ವರು ಮಕ್ಕಳಲ್ಲಿ ಇಬ್ಬರು ಯುದ್ಧದಲ್ಲಿ ಮಡಿದರು, ಇಬ್ಬರು ಎಳೆಯರನ್ನು ಶತ್ರುಗಳು ಕೊಂದರು. ಆದರೂ ಗುರುಗಳು ಬೆಟ್ಟಕ್ಕೆ ಹಿಂತಿರುಗಲಿಲ್ಲ. 1699ರ ವೈಶಾಖಿಯಂದು ಆನಂದಪುರದಲ್ಲಿ ಬೇರೆ ಬೇರೆ ಕುಲದ, ಬೇರೆ ಬೇರೆ ಊರಿನ ಐವರಿಗೆ ಅಮೃತದೀಕ್ಷೆ ಕೊಟ್ಟು, ತರುವಾಯ ಆ ಐವರಿಂದಲೇ ತಾವೂ ದೀಕ್ಷೆ ಪಡೆದರು. ಐವರಲ್ಲಿ ಒಬ್ಬರು ನಮ್ಮ ಬೀದರಿನ ಸಾಹೇಬಸಿಂಹರು, ಕ್ಷೌರಿಕ ಮನೆತನದವರು. ಗುರುವೇ ಶಿಷ್ಯನ ಮುಂದೆ ಕೈಯೊಡ್ಡಿ ನಿಂತದ್ದು ಬೆಟ್ಟ ಏರುವುದಕ್ಕಿಂತ ದೊಡ್ಡ ಸಾಧನೆಯಲ್ಲವೇ?

ಆ ತಾಣ ಬಹುಕಾಲ ಸಿಖ್ಖರಿಗೇ ತಿಳಿದಿರಲಿಲ್ಲ. 1934ರಲ್ಲಿ ಸಂತ ಸೋಹನಸಿಂಹರು ಹುಡುಕುತ್ತ ಹೋಗಿ, ಸ್ಥಳೀಯರು ಲೋಕಪಾಲವೆಂದು ಪೂಜಿಸುತ್ತಿದ್ದ ಈ ಸರೋವರವನ್ನು ಗುರುತಿಸಿದರು. ಹವಾಲ್ದಾರ್ ಮೋದನಸಿಂಹರೊಡನೆ ಸೇರಿ ಹತ್ತು ಅಡಿಯ ಪುಟ್ಟ ಗುರುದ್ವಾರ ಕಟ್ಟಿಸಿದರು.

ಇಂದು ಯಾತ್ರಿಕರು ಘಂಗರಿಯಾ ಎಂಬ ಊರಿನಿಂದ ಆರು ಕಿಲೋಮೀಟರು ಕಡಿದಾದ ದಾರಿ ಏರುತ್ತಾರೆ. ತಣ್ಣನೆಯ ನೀರಿನಲ್ಲಿ ಮುಳುಗಿ, ಪ್ರಾರ್ಥನೆ ಮಾಡಿ, ಲಂಗರಿನಲ್ಲಿ ಬಿಸಿ ಕಿಚಡಿ, ಚಹಾ ಸ್ವೀಕರಿಸುತ್ತಾರೆ. ಆದರೆ ಅಲ್ಲಿ ರಾತ್ರಿ ಯಾತ್ರಿಕರು ತಂಗುವಂತಿಲ್ಲ. ಎಷ್ಟೇ ಭಕ್ತಿಯಿರಲಿ, ಬೆಳಕಿರುವಾಗಲೇ ಕೆಳಗಿಳಿಯಬೇಕು. ಚಳಿ, ಗಾಳಿಗಾಗಿ ಮಾಡಿದ ಕಟ್ಟಳೆ ಅದು. ನಮಗೆ ಮಾತ್ರ ಅದರಲ್ಲಿ ಆ ಪುರಾಣದ ತಿರುಳೇ ಕಾಣುತ್ತದೆ. ತಪಸ್ವಿಯನ್ನೇ ಇಳಿಸಿ ಕಳಿಸಿದ ಬೆಟ್ಟ ಯಾತ್ರಿಕನನ್ನು ಇಟ್ಟುಕೊಂಡೀತೇ?

ಆ ಹಿರಿಯರು ಇಂದು ಈ ಸಭೆಯಲ್ಲಿ ಕುಳಿತಿದ್ದಾರೆ. ಹಿರಿಯರೇ, ತಾವು ಹಿಮಾಲಯಕ್ಕೆ ಹೋಗಿ ಬನ್ನಿ; ಬೇಡವೆನ್ನುವುದಿಲ್ಲ. ಆದರೆ ಹೋಗುವ ಮೊದಲು ಇಬ್ಬರು ಮಕ್ಕಳನ್ನೂ ಎದುರಿಗೆ ಕೂಡ್ರಿಸಿಕೊಂಡು ಹೊಲದ ಬದು ಗೊತ್ತುಮಾಡಿ. ಮಗ ಕಠಿಣ ಮಾತಾಡಿದರೆ ತಾಳಿಕೊಳ್ಳಿ. ತಮ್ಮದೇ ತಪ್ಪಿದ್ದರೆ ಮಗನ ಮುಂದೆಯೇ ಒಪ್ಪಿಕೊಳ್ಳಿ. ತಮಗೆ ಏರಬೇಕಾದ ಬೆಟ್ಟ ಅದೇ. ಅದನ್ನು ಏರಿದ ಮೇಲೆ ಬನ್ನಿ. ಪ್ರಯಾಣದ ಬುತ್ತಿಯನ್ನು ಮಠದಿಂದಲೇ ಕಟ್ಟಿಸಿಕೊಡುತ್ತೇವೆ.